ದಾಖಲಾತಿ ವಹಿಯೂ ಗಣಕಯಂತ್ರವೂ

ಮಗುವೊಂದು ಶಾಲೆಗೆ ಸೇರಿದ ದಿನ ಕಚೇರಿಯ ದಾಖಲಾತಿ ವಹಿಯಲ್ಲಿ ಅದರ ಹೆಸರಿನ ಎದುರು ಬರೆಯುವ ಒಂದೊಂದು ಅಕ್ಷರವೂ ಆ ಮಗುವಿನ ಬೆನ್ನಿಗೆ ಜೀವಮಾನವಿಡೀ ಇರುತ್ತದೆ. ಹೆಸರು, ತಂದೆ-ತಾಯಿಯರ ಹೆಸರು, ಹುಟ್ಟಿದ ದಿನ, ಜಾತಿ, ಹಿಂದೆ ಓದಿದ ಶಾಲೆ, ಇವು ನೋಡುವುದಕ್ಕೆ ಸಾಮಾನ್ಯ ಸಂಗತಿಗಳು. ಆದರೆ ಹತ್ತನೆಯ ತರಗತಿಯ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ನೌಕರಿಯ ಅರ್ಜಿ ಎಲ್ಲವೂ ಕಡೆಗೆ ಆ ಒಂದು ಸಾಲಿಗೇ ಬಂದು ನಿಲ್ಲುತ್ತವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಶಾಲೆಯಲ್ಲಿ ದುಡಿದ ನಮಗೆ ಈ ಮಾತು ತಿಳಿಯದ್ದೇನೂ ಅಲ್ಲ. ತಿಳಿದೂ ಒಮ್ಮೆ ಎಡವಿದೆವು. ಆ ಎಡವಿದ ಕತೆಯನ್ನೂ, ಆಮೇಲೆ ನಮ್ಮ ಶಾಲೆಗೆ ಮಕ್ಕಳ ವಿವರಗಳನ್ನು ಕಾಪಾಡುವ ತಂತ್ರಾಂಶವೊಂದನ್ನು ಆರಿಸಿದ ಬಗೆಯನ್ನೂ ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ. ಊರೂರಿನಲ್ಲಿ ಶಾಲೆ ನಡೆಸುತ್ತಿರುವ ನಮ್ಮ ಸಮಾಜದ ಹಿರಿಯರಿಗೆ ಇದರಿಂದ ಉಪಯೋಗವಾದೀತು. ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿ-ತಂದೆಯರಿಗಂತೂ ಖಂಡಿತ ಆದೀತು.

ನಮ್ಮದು ಹಾವೇರಿ ಸೀಮೆಯ ಒಂದು ತಾಲ್ಲೂಕು ಊರಿನ ಶಾಲೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಸುಮಾರು 640 ಮಕ್ಕಳು. ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಒಕ್ಕಲು ಮನೆತನದವರು. 2019ರಲ್ಲಿ ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಆಡಳಿತ ಮಂಡಳಿಯವರು ಒಂದು ಸಂಸ್ಥೆಯಿಂದ ತಂತ್ರಾಂಶ ಕೊಂಡರು. ಕೊಂಡರು ಎನ್ನುವುದಕ್ಕಿಂತ ಬಾಡಿಗೆಗೆ ಹಿಡಿದರು ಎನ್ನುವುದೇ ಸರಿ. ಮಗುವೊಂದಕ್ಕೆ ವರ್ಷಕ್ಕೆ ಇಷ್ಟು ಎಂದು ದರ. ಪಕ್ಕದ ಊರಿನ ಶಾಲೆಯಲ್ಲಿ ಬಂದಿದೆ, ನಮ್ಮಲ್ಲಿ ಬರದಿದ್ದರೆ ಹೇಗೆ ಎಂಬ ಅವಸರ. ಸಂಸ್ಥೆಯ ಇಬ್ಬರು ಹುಡುಗರು ಬಂದು ವಹಿಗಳನ್ನು ನೋಡಿಕೊಂಡು ಎರಡೇ ವಾರದಲ್ಲಿ ಎಲ್ಲ ಮಕ್ಕಳ ವಿವರಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಕೆಲಸ ಮುಗಿದ ದಿನ ಅಚ್ಚಾದ ಹಾಳೆಗಳ ಒಂದು ಕಟ್ಟನ್ನು ನಮ್ಮ ಮೇಜಿನ ಮೇಲಿಟ್ಟರು. ಪ್ರತಿ ಹಾಳೆಯ ಕೆಳಗೆ ‘ಮೂಲ ವಹಿಯೊಂದಿಗೆ ಹೋಲಿಸಿ ಪರಿಶೀಲಿಸಲಾಗಿದೆ’ ಎಂಬ ಸಾಲು. ನಾವು ಮೊದಲ ನಾಲ್ಕೈದು ಹಾಳೆಗಳನ್ನು ಹೋಲಿಸಿದೆವು. ಸರಿಯಾಗಿದ್ದವು. ಉಳಿದವಕ್ಕೆ ಸುಮ್ಮನೆ ರುಜು ಹಾಕಿದೆವು. ಮಧ್ಯಾಹ್ನದ ಊಟದ ಗಂಟೆ ಬಾರಿಸಿತ್ತು.

ನಮ್ಮ ಶಾಲೆಯ ಗುಮಾಸ್ತರು ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಇನ್ನು ಕೈಯಿಂದ ವಹಿ ಬರೆಯುವ ಶ್ರಮ ಬೇಡವೆಂದು ಮಂಡಳಿಯವರು ಅವರಿಗೆ ಹೇಳಿದ್ದರು. ಅವರು ತಲೆಯಲ್ಲಾಡಿಸಿದರೇ ಹೊರತು ಬರೆಯುವುದನ್ನು ಬಿಡಲಿಲ್ಲ. ಸಂಜೆ ಐದರ ಮೇಲೆ ಕುಳಿತು ಆಯಾ ದಿನ ಸೇರಿದ ಮಕ್ಕಳ ವಿವರವನ್ನು ದುಂಡಾದ ಅಕ್ಷರದಲ್ಲಿ ವಹಿಗೆ ಇಳಿಸುತ್ತಿದ್ದರು. ಕೇಳಿದರೆ, “ಇರಲಿ ಬಿಡ್ರಿ ಸರ, ಕೈಗೆ ರೂಢಿ ಆಗೇತಿ” ಎನ್ನುತ್ತಿದ್ದರು. ಅದು ರೂಢಿಯಲ್ಲ, ಕಾಯಕ ಎಂಬುದು ನಮಗೆ ಅರ್ಥವಾದದ್ದು ಬಹಳ ತಡವಾಗಿ.

2021ರಲ್ಲಿ ನಾವು ನಿವೃತ್ತರಾಗಿ ಆಡಳಿತ ಮಂಡಳಿಯ ಗೌರವ ಕಾರ್ಯದರ್ಶಿಯಾದೆವು. ಮಾರನೆಯ ವರ್ಷ ಆ ಸಂಸ್ಥೆಯವರು ದರವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದರು. ಸೋಂಕಿನ ಎರಡು ವರ್ಷಗಳಲ್ಲಿ ಶುಲ್ಕ ಸರಿಯಾಗಿ ಬಾರದೆ ನಾವು ಬಳಲಿದ್ದ ಕಾಲ. ಒಪ್ಪಂದ ಮುಂದುವರಿಸುವುದಿಲ್ಲ, ನಮ್ಮ ಮಕ್ಕಳ ವಿವರಗಳನ್ನು ನಮಗೆ ಕೊಡಿ ಎಂದೆವು. ಕೊಟ್ಟರು; ಆದರೆ ಅಚ್ಚಿನ ಪುಟಗಳ ರೂಪದಲ್ಲಿ. ಅವನ್ನು ಓದಬಹುದಿತ್ತು, ಬೇರೆ ಯಾವ ತಂತ್ರಾಂಶಕ್ಕೂ ಏರಿಸುವಂತಿರಲಿಲ್ಲ. ಮಕ್ಕಳ ಭಾವಚಿತ್ರಗಳು ಬರಲೇ ಇಲ್ಲ. ತಿಂಗಳು ತುಂಬುವ ಮೊದಲೇ ಪ್ರವೇಶದ ಗುಪ್ತಪದ ನಿಂತುಹೋಯಿತು. ನಾವು ಸಹಿ ಹಾಕಿದ್ದ ಕರಾರುಪತ್ರವನ್ನು ತೆಗೆದು ನೋಡಿದರೆ, ಒಪ್ಪಂದ ಮುಗಿದಾಗ ವಿವರಗಳನ್ನು ಯಾವ ರೂಪದಲ್ಲಿ ಹಿಂದಿರುಗಿಸಬೇಕು ಎಂಬ ಒಂದು ಮಾತೂ ಅದರಲ್ಲಿರಲಿಲ್ಲ. ತಪ್ಪು ಅವರದಷ್ಟೇ ಎನ್ನಲು ನಮಗೆ ಬಾಯಿಲ್ಲದಂತಾಯಿತು. ಇಬ್ಬರು ಶಿಕ್ಷಕರು ಬೇಸಿಗೆಯ ರಜೆಯಲ್ಲಿ ಕುಳಿತು ಆ ಅಚ್ಚಿನ ಪುಟಗಳನ್ನು ನೋಡಿ ಮತ್ತೆ ಎಲ್ಲವನ್ನೂ ಗಣಕಯಂತ್ರದ ಪಟ್ಟಿಯಾಗಿ ಮೂಡಿಸಿದರು. ಗುಮಾಸ್ತರು ಬರೆದಿಟ್ಟ ವಹಿಗಳು ಬೀರುವಿನಲ್ಲೇ ಇದ್ದವು. ಅಚ್ಚಿನ ಪುಟ ಓದಲು ಸುಲಭವಿತ್ತಾದ್ದರಿಂದ ವಹಿಯನ್ನು ಯಾರೂ ತೆರೆಯಲಿಲ್ಲ.

ಇನ್ನು 2024ರ ಜನವರಿಯ ಮಾತು. ಒಂಬತ್ತನೆಯ ತರಗತಿಯ ಮಕ್ಕಳು ಮುಂದಿನ ವರ್ಷ ಹತ್ತಕ್ಕೆ ಹೋಗುವವರು. ಅಂಕಪಟ್ಟಿಯಲ್ಲಿ ಅಚ್ಚಾಗುವ ಹೆಸರು, ಜನ್ಮದಿನಾಂಕಗಳನ್ನು ಮೊದಲೇ ಸರಿಪಡಿಸಿಕೊಳ್ಳಬೇಕೆಂದು ಕಚೇರಿಯವರು ನಮ್ಮ ಪಟ್ಟಿಯನ್ನೂ, ರಾಜ್ಯ ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ‘ಸ್ಯಾಟ್ಸ್’ನ ವಿವರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೆಲವು ಮಕ್ಕಳ ಜನ್ಮದಿನಾಂಕ ಎರಡರಲ್ಲಿ ಬೇರೆಬೇರೆ ಇತ್ತು. ನಮ್ಮ ಪಟ್ಟಿಯೇ ಸರಿ, ಮುಖ್ಯೋಪಾಧ್ಯಾಯರೇ ಪರಿಶೀಲಿಸಿ ರುಜು ಹಾಕಿದ್ದಾರಲ್ಲ ಎಂದು ಸರ್ಕಾರದ ದಾಖಲೆಯನ್ನೇ ತಿದ್ದಿಸಲು ಅರ್ಜಿ ಸಿದ್ಧವಾಯಿತು. ಪಾಲಕರನ್ನು ಕರೆಸಿ ಸಹಿ ಹಾಕಿಸಿಕೊಳ್ಳತೊಡಗಿದರು. ಬಂದವರೆಲ್ಲ ಸಹಿ ಹಾಕಿ ಹೋದರು. ಒಬ್ಬ ತಾಯಿ ಮಾತ್ರ ಪೆನ್ನು ಕೆಳಗಿಟ್ಟರು.

ನಾವು ಆಗ ಕಚೇರಿಯಲ್ಲೇ ಇದ್ದೆವು. ಆ ತಾಯಿ ಹೊಲದ ಕೆಲಸದಿಂದ ನೇರವಾಗಿ ಬಂದಿದ್ದರು. ಹೆಚ್ಚು ಓದಿದವರಲ್ಲ, ಆದರೆ ಅಂಕಿಗಳನ್ನು ಬಲ್ಲವರು. “ಸರ, ಇದರಾಗ ಜುಲೈ ಆರು ಅಂತ ಐತಿ. ನಮ್ಮ ಹುಡುಗಿ ಹುಟ್ಟಿದ್ದು ಕಾರಹುಣ್ಣಿವಿ ದಿವಸ, ಸಂಜೀಕ ಕರಿ ಹರಿಯೂ ಹೊತ್ತಿಗೆ. ಊರ ಮಂದಿಯೆಲ್ಲಾ ಅಗಸಿ ಮುಂದ ಇದ್ರು, ಸೂಲಗಿತ್ತಿನ್ನ ಕರಿಯಾಕ ಒಬ್ರೂ ಸಿಗಲಿಲ್ಲ. ಅದು ಜುಲೈ ಹೆಂಗ ಆಕ್ಕೈತ್ರಿ? ನಾ ಸಹಿ ಮಾಡಂಗಿಲ್ರಿ” ಎಂದರು.

ನಮಗೆ ಮಾತು ಹೊರಡಲಿಲ್ಲ. ಬೀರುವಿನಿಂದ 2015ರ ದಾಖಲಾತಿ ವಹಿಯನ್ನು ತರಿಸಿದೆವು. ಗುಮಾಸ್ತರ ದುಂಡಕ್ಷರ ಹಾಗೆಯೇ ಇತ್ತು: 7-6-2009. ಅದರ ಕೆಳಗೆ, ವಹಿಯ ನಿಯಮದಂತೆ, ಅಕ್ಷರದಲ್ಲಿ: ಜೂನ್ ಏಳು, ಎರಡು ಸಾವಿರದ ಒಂಬತ್ತು. ಹಳೆಯ ಪಂಚಾಂಗ ತೆಗೆಸಿ ನೋಡಿದರೆ 2009ರ ಕಾರಹುಣ್ಣಿಮೆ ಜೂನ್ 7ರಂದೇ ಬಿದ್ದಿತ್ತು. ಸರ್ಕಾರದ ದಾಖಲೆ ಸರಿಯಿತ್ತು, ವಹಿ ಸರಿಯಿತ್ತು, ತಾಯಿಯ ನೆನಪು ಸರಿಯಿತ್ತು. ಸರಿಯಿಲ್ಲದ್ದು ನಮ್ಮ ರುಜುವಿದ್ದ ಹಾಳೆ ಒಂದೇ.

ಆದದ್ದೇನೆಂಬುದನ್ನು ನಮ್ಮ ಗಣಿತದ ಶಿಕ್ಷಕರು ಬಿಡಿಸಿ ಹೇಳಿದರು. ನಾವು ದಿನಾಂಕವನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಅಮೆರಿಕೆಯವರು ತಿಂಗಳು, ದಿನ, ವರ್ಷ ಎಂದು ಬರೆಯುತ್ತಾರೆ. ಗಣಕಯಂತ್ರವನ್ನು ಆ ದೇಶದ ಪದ್ಧತಿಗೆ ಹೊಂದಿಸಿಟ್ಟಿದ್ದರೆ ನಾವು ಏರಿಸಿದ 7-6 ಅದರ ಕಣ್ಣಿಗೆ ಜುಲೈ 6 ಆಗುತ್ತದೆ. ದಿನದ ಅಂಕಿ 12ನ್ನು ಮೀರಿದ್ದರೆ ಅಂಥ ತಿಂಗಳೇ ಇಲ್ಲವಾದ್ದರಿಂದ ಯಂತ್ರ ಅದನ್ನು ಮುಟ್ಟದೆ ಬಿಡುತ್ತದೆ. ದಿನವೂ ತಿಂಗಳೂ ಒಂದೇ ಅಂಕಿಯಾಗಿದ್ದರೆ ಅದಲುಬದಲಾದರೂ ತಿಳಿಯುವುದಿಲ್ಲ. ಉಳಿದವು ಮಾತ್ರ ಸದ್ದಿಲ್ಲದೆ ತಿರುವುಮುರುವಾಗುತ್ತವೆ. ಆದ್ದರಿಂದಲೇ ಪಟ್ಟಿಯ ಮೇಲೆ ಕಣ್ಣಾಡಿಸಿದವರಿಗೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. 2019ರಲ್ಲಿ ಒಂದು ಕಂತಿನಲ್ಲಿ ಹೀಗೆ ಏರಿಸಿದ 58 ಮಕ್ಕಳ ಪೈಕಿ 19 ಮಕ್ಕಳ ಜನ್ಮದಿನ ಬದಲಾಗಿತ್ತು. ಆ ಕಂತಿನ ಹಾಳೆಗಳು ನಾವು ಹೋಲಿಸಿದ ನಾಲ್ಕೈದರಲ್ಲಿ ಇರಲಿಲ್ಲ.

ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ದಿನಾಂಕವನ್ನು ಆಮೇಲೆ ತಿದ್ದಿಸುವುದೆಂದರೆ ಎಷ್ಟು ಅಲೆದಾಟವೆಂಬುದನ್ನು ನಾವು ಸೇವೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೆವು. ಜನನ ಪ್ರಮಾಣಪತ್ರದಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಆ ಮಗು ಮುಂದೆ ಹೋದಲ್ಲೆಲ್ಲ ಅನುಮಾನದ ದೃಷ್ಟಿಗೆ ಗುರಿಯಾಗುತ್ತದೆ. ಆ ತಾಯಿ ಉಳಿದವರಂತೆ ಸಹಿ ಹಾಕಿ ಎದ್ದು ಹೋಗಿದ್ದರೆ? ಆಗಲೇ ಸಹಿ ಹಾಕಿದ್ದವರ ಮನೆಗಳಿಗೆ ಮಾರನೆಯ ದಿನ ನಾವೇ ಹೋದೆವು. ತಪ್ಪು ನಮ್ಮದೆಂದು ಹೇಳಿ, ಹಾಕಿದ ಸಹಿಯನ್ನು ಅವರೆದುರೇ ಹೊಡೆದುಹಾಕಿ ಬಂದೆವು. ಬೈಗುಳ ಬರಬಹುದೆಂದುಕೊಂಡಿದ್ದೆವು, ಚಹಾ ಬಂತು.

ಆಮೇಲೆ ಆಡಳಿತ ಮಂಡಳಿ ಹೊಸ ತಂತ್ರಾಂಶ ಆರಿಸಲು ಒಂದು ಸಮಿತಿ ಮಾಡಿತು. ಈಗಿನ ಮುಖ್ಯೋಪಾಧ್ಯಾಯಿನಿಯವರು, ಗಣಿತದ ಶಿಕ್ಷಕರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಪಾಲಕರು, ಮತ್ತು ನಾವು. ನಮ್ಮ ಒಂದೇ ಒಂದು ಹಟವೆಂದರೆ ನಿವೃತ್ತ ಗುಮಾಸ್ತರೂ ಸಮಿತಿಯಲ್ಲಿರಬೇಕು ಎಂಬುದು. ಕೆಲವರು ನಕ್ಕರು. ಗಣಕಯಂತ್ರದ ಕೀಲಿಮಣೆ ಮುಟ್ಟದವರು ತಂತ್ರಾಂಶ ಆರಿಸುವುದೇ ಎಂದರು. ಮೊದಲ ಸಭೆಯಲ್ಲೇ ಗುಮಾಸ್ತರು ಒಂದು ಮಾತು ಹೇಳಿದರು: “ಬಾವಿಗೆ ಇಳಿಯೂ ಮೊದಲ ಮ್ಯಾಲ ಬರೂ ಹಗ್ಗ ನೋಡಬೇಕ್ರಿ ಸರ. ಒಳಗ ಹಾಕೂದು ಎಲ್ಲಾರೂ ತೋರಸ್ತಾರ, ಹೊರಗ ತಗೊಳ್ಳೂದು ಹೆಂಗ ಅಂತ ಕೇಳ್ರಿ.” ನಗು ನಿಂತಿತು.

ಮೊದಲಿಗೆ ನಮಗೆ ಬೇಕಾದದ್ದೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದೆವು. ದಾಖಲಾತಿ, ಹಾಜರಿ, ಅಂಕಗಳು, ಶುಲ್ಕ, ವರ್ಗಾವಣೆ ಪತ್ರ. ಐದೇ. ಮಾರಾಟಗಾರರು ತೋರಿಸುವ ಬಣ್ಣಬಣ್ಣದ ಚಿತ್ರಗಳು, ವಾಹನ ಎಲ್ಲಿದೆಯೆಂಬ ನಕಾಶೆ, ಹುಟ್ಟುಹಬ್ಬದ ಶುಭಾಶಯ ಇವೆಲ್ಲ ನಮ್ಮ ಹಾಳೆಯಲ್ಲಿರಲಿಲ್ಲ. ಹಾಳೆಯಲ್ಲಿ ಇಲ್ಲದ್ದಕ್ಕೆ ಹಣ ಕೊಡಬಾರದೆಂದು ನಿಶ್ಚಯಿಸಿದೆವು.

ಎರಡನೆಯದು ಹಗ್ಗದ ಪರೀಕ್ಷೆ. ಬಂದ ಮೂವರು ಮಾರಾಟಗಾರರಿಗೂ ಇಪ್ಪತ್ತು ಕಾಲ್ಪನಿಕ ಮಕ್ಕಳ ವಿವರ ಕೊಟ್ಟು, ಏರಿಸಿ ತೋರಿಸಿ, ಆಮೇಲೆ ಎಲ್ಲವನ್ನೂ ಯಾರು ಬೇಕಾದರೂ ತೆರೆಯಬಹುದಾದ ಸಾದಾ ಕಡತವಾಗಿ ಹೊರತೆಗೆದು ಕೊಡಿ ಎಂದೆವು. ಒಂದೊಂದು ವಿವರದ ನಡುವೆ ಅಲ್ಪವಿರಾಮ ಇಟ್ಟು ಬರೆಯುವ ‘ಸಿಎಸ್‌ವಿ’ ಎಂಬ ಕಡತದ ರೂಪವಿದೆ. ಅದನ್ನು ಯಾವ ತಂತ್ರಾಂಶ ಬೇಕಾದರೂ ಓದುತ್ತದೆ. ಇಪ್ಪತ್ತು ಮಕ್ಕಳಲ್ಲಿ ಹತ್ತು ಮಕ್ಕಳ ಜನ್ಮದಿನ ಬೇಕೆಂದೇ ತಿಂಗಳ ಮೊದಲ ಹನ್ನೆರಡು ದಿನಗಳೊಳಗೆ ಬರುವಂತೆ ಇಟ್ಟಿದ್ದೆವು. ಹೊರಬಂದ ಕಡತವನ್ನು ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸಿದೆವು. ಒಬ್ಬ ಮಾರಾಟಗಾರರ ಕಡತದಲ್ಲಿ ನಾಲ್ಕು ದಿನಾಂಕಗಳು ತಿರುಗಿದ್ದವು. ಅವರು ಅಚ್ಚರಿಪಟ್ಟರು, ನಾವು ಪಡಲಿಲ್ಲ.

ಮೂರನೆಯದು ಕನ್ನಡ. ಇದನ್ನು ಕೆಲವರು ಸಣ್ಣ ವಿಷಯವೆಂದುಕೊಳ್ಳಬಹುದು. ಹಿಂದಿನ ಕಾಲದ ಕನ್ನಡ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಮಗುವಿನ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿದೆ. ಆದ್ದರಿಂದ ತಂತ್ರಾಂಶ ಕನ್ನಡವನ್ನು ಯೂನಿಕೋಡಿನಲ್ಲೇ ಇಡುತ್ತದೆಯೇ ಎಂದು ಕೇಳಲೇಬೇಕು. ಕೇಳಿದರೆ ಸಾಲದು, ನೋಡಬೇಕು. ಗುಮಾಸ್ತರು ‘ಮಲ್ಲಿಕಾರ್ಜುನ’, ‘ಶ್ರೀಶೈಲ’, ‘ಜ್ಞಾನೇಶ್ವರಿ’ ಎಂಬ ಮೂರು ಹೆಸರು ಕೊಟ್ಟು ವರ್ಗಾವಣೆ ಪತ್ರ ಅಚ್ಚು ಮಾಡಲು ಹೇಳಿದರು. ಒಂದು ತಂತ್ರಾಂಶದಲ್ಲಿ ಪರದೆಯ ಮೇಲೆ ಸರಿಯಾಗಿದ್ದ ಅರ್ಕಾವೊತ್ತು ಕಾಗದದ ಮೇಲೆ ಕಳಚಿ ಬಿದ್ದಿತ್ತು.

ಹೆಸರಿನ ಮಾತು ಬಂದಾಗ ಇನ್ನೊಂದು ತೊಡಕು. ನಮ್ಮ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಹೀಗೆ ಬರೆಯುತ್ತೇವೆ. ಹಳೆಯ ಮೈಸೂರಿನ ಕಡೆ ಮೊದಲಕ್ಷರಗಳ ರೂಢಿ. ತಂತ್ರಾಂಶಗಳಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಮನೆಗಳಿದ್ದು ಮೂರೂ ತುಂಬಲೇಬೇಕೆಂದು ಹಟ ಹಿಡಿಯುವವೂ ಉಂಟು. ಅಡ್ಡಹೆಸರಿಲ್ಲದ ಮಗುವಿಗೆ ಅಲ್ಲಿ ಕುಳಿತವರು ಏನೋ ಒಂದನ್ನು ತುಂಬಿಬಿಡುತ್ತಾರೆ. ಅದೇ ಮುಂದೆ ಹೆಸರಾಗುತ್ತದೆ. ಜಾತಿಯ ಮನೆಯೂ ಹಾಗೆಯೇ. ಹತ್ತಿಪ್ಪತ್ತು ಹೆಸರುಗಳ ಪಟ್ಟಿಯಿಂದ ಒಂದನ್ನು ಆರಿಸಬೇಕೆಂದಿದ್ದರೆ, ವಹಿಯಲ್ಲಿರುವ ಒಳಪಂಗಡದ ಹೆಸರು ಅದರಲ್ಲಿ ಇಲ್ಲದಾಗ ಮೊದಲು ಕಂಡದ್ದರ ಮೇಲೆ ಬೆರಳು ಬೀಳುತ್ತದೆ. ಜಾತಿ ಪ್ರಮಾಣಪತ್ರ ಮಾಡಿಸುವಾಗ ಶಾಲೆಯ ದಾಖಲೆಯನ್ನು ಕೇಳುವುದುಂಟು ಎಂಬುದನ್ನು ನಮ್ಮ ಸಮಾಜದ ಮನೆಗಳಿಗೆ ವಿವರಿಸಿ ಹೇಳಬೇಕಿಲ್ಲ. ವಹಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆಯಲು ಬಿಡುವ ತಂತ್ರಾಂಶ ಬೇಕು ಎಂದು ಷರತ್ತು ಹಾಕಿದೆವು.

ನಾಲ್ಕನೆಯದು ಸರ್ಕಾರದ ಲೆಕ್ಕ. ರಾಜ್ಯದ ಸ್ಯಾಟ್ಸ್ ಒಂದು, ಕೇಂದ್ರದ ‘ಯುಡೈಸ್ ಪ್ಲಸ್’ ಇನ್ನೊಂದು. 2022-23ರಿಂದ ಯುಡೈಸ್ ಪ್ಲಸ್‌ನಲ್ಲಿ ಶಾಲೆಯ ಒಟ್ಟು ಸಂಖ್ಯೆಯಷ್ಟೇ ಅಲ್ಲದೆ ಒಂದೊಂದು ಮಗುವಿನ ವಿವರವನ್ನೂ ತುಂಬಬೇಕಾಗಿದೆ. ಮಗುವಿಗೊಂದು ಶಾಶ್ವತ ಶಿಕ್ಷಣ ಸಂಖ್ಯೆಯೂ ಬರುತ್ತದೆ. ಖಾಸಗಿ ತಂತ್ರಾಂಶ ಎಷ್ಟೇ ಒಳ್ಳೆಯದಿದ್ದರೂ ಈ ಎರಡು ಕೆಲಸಗಳನ್ನು ತಪ್ಪಿಸಲಾರದು. ತಪ್ಪಿಸುತ್ತದೆ ಎಂದು ಹೇಳಿದ ಮಾರಾಟಗಾರರನ್ನು ನಾವು ನಂಬಲಿಲ್ಲ. ಎರಡೂ ಸಂಖ್ಯೆಗಳನ್ನು ಇಟ್ಟುಕೊಂಡು, ಹೋಲಿಸಿ ನೋಡಲು ಅನುವಾಗುವ ಪಟ್ಟಿ ಕೊಟ್ಟರೆ ಸಾಕೆಂದೆವು.

ಐದನೆಯದು ಮಕ್ಕಳ ಮರ್ಯಾದೆ. ಒಬ್ಬ ಮಾರಾಟಗಾರರು ಬಹಳ ಉತ್ಸಾಹದಿಂದ ಶುಲ್ಕ ಬಾಕಿಯ ಪುಟ ತೆರೆದು ತೋರಿಸಿದರು. ಬಾಕಿ ಇರುವ ಮಗುವಿನ ಹೆಸರು ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು. ತರಗತಿಯ ಶಿಕ್ಷಕರು ಹಾಜರಿ ಕರೆಯುವಾಗಲೂ ಆ ಕೆಂಪು ಕಾಣುವುದಂತೆ. ಮುಖ್ಯೋಪಾಧ್ಯಾಯಿನಿಯವರು ಕೂಡಲೇ, “ಬೇಡ. ಹಾಜರಿ ಕರೆಯುವವರಿಗೆ ಮಗು ಬಂದಿದೆಯೇ ಇಲ್ಲವೇ ಎಂಬುದಷ್ಟೇ ಗೊತ್ತಾಗಬೇಕು” ಎಂದರು. ಆ ಮಾತು ನಮ್ಮ ಮನಸ್ಸಿಗೆ ನಾಟಿತು. ನಾವು ಚಿಕ್ಕವರಿದ್ದಾಗ ಶುಲ್ಕ ಕಟ್ಟದೆ ತರಗತಿಯ ಹೊರಗೆ ನಿಂತವರೇ. ದಾಸೋಹದ ಪರಂಪರೆಯಲ್ಲಿ ಹುಟ್ಟಿದ ಶಾಲೆಗಳಲ್ಲಿ ಉಣ್ಣಲು ಕುಳಿತವನ ಜಾತಿ-ಬಡತನ ಕೇಳಬಾರದೆಂದು ಹಿರಿಯರು ನಡೆದು ತೋರಿಸಿದ್ದಾರೆ. ಗಣಕಯಂತ್ರ ಬಂತೆಂದು ಆ ನಡತೆಯನ್ನು ಬಿಡಲಾದೀತೇ? ಯಾವ ವಿವರ ಯಾರಿಗೆ ಕಾಣಬೇಕು ಎಂಬುದನ್ನು ಶಾಲೆಯೇ ಗೊತ್ತುಪಡಿಸಬೇಕು, ಒಂದು ವಿವರವನ್ನು ಯಾರು ಯಾವಾಗ ಬದಲಿಸಿದರೆಂಬುದು ತಂತ್ರಾಂಶದಲ್ಲಿ ಅಳಿಯದಂತೆ ದಾಖಲಾಗಬೇಕು ಎಂದು ಬರೆದುಕೊಂಡೆವು.

ಇದು ನಮ್ಮ ಮನಸ್ಸಿನ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಹೆಮ್ಮೆಯ ಸಂಗತಿ. ಮಾರನೆಯ ವರ್ಷ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ, ಶಾಲೆಗೆ ಸೇರಿಸಿಕೊಳ್ಳಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ. ಮಕ್ಕಳ ವಿವರಗಳ ಬಳಕೆಗೆ ತಂದೆ-ತಾಯಿ ಅಥವಾ ಪೋಷಕರ ಒಪ್ಪಿಗೆಯೇ ಸಾಮಾನ್ಯ ನಿಯಮ. ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಅದರ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾಗಿದೆ. ‘ಅಪಾರ್’ ಎಂಬ ಹನ್ನೆರಡಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆಗೂ ಪಾಲಕರ ಒಪ್ಪಿಗೆಪತ್ರ ಬೇಕು. ಕೇಳಿದ್ದಕ್ಕೆಲ್ಲ ಸಹಿ ಹಾಕುವ ಮೊದಲು ಒಮ್ಮೆ ಓದಿ ನೋಡುವುದು ತಾಯಿ-ತಂದೆಯರ ಹಕ್ಕು. ಓದಿ ಹೇಳುವುದು ಶಾಲೆಯ ಕರ್ತವ್ಯ.

ಇದೆಲ್ಲ ಅತಿ ಎಚ್ಚರಿಕೆಯಾಯಿತೇನೋ ಎಂದು ಮಂಡಳಿಯ ಒಬ್ಬ ಹಿರಿಯರಿಗೆ ಅನಿಸಿತ್ತು. 2025ರ ಜನವರಿಯಲ್ಲಿ ಅಮೆರಿಕೆಯಿಂದ ಬಂದ ಸುದ್ದಿ ಓದಿ ಅವರೂ ಒಪ್ಪಿದರು. ಅಲ್ಲಿಯ ಅಸಂಖ್ಯ ಶಾಲೆಗಳು ಬಳಸುವ ‘ಪವರ್‌ಸ್ಕೂಲ್’ ಎಂಬ ತಂತ್ರಾಂಶದೊಳಗೆ 2024ರ ಡಿಸೆಂಬರಿನಲ್ಲಿ ಕಳ್ಳರು ನುಗ್ಗಿ, ಕೋಟ್ಯಂತರ ವಿದ್ಯಾರ್ಥಿಗಳ ವಿವರಗಳನ್ನು ಕದ್ದರು. ಕದ್ದ ಒಂದು ಗುಪ್ತಪದವೇ ಅವರಿಗೆ ಬಾಗಿಲು ತೆರೆದಿತ್ತು. ಹಣ ತೆತ್ತರೂ ಬೆದರಿಕೆ ನಿಲ್ಲಲಿಲ್ಲ. ಹಲವು ವರ್ಷಗಳ ಹಿಂದೆ ಶಾಲೆ ಬಿಟ್ಟವರ ವಿವರವೂ ಆ ಕಳವಿನಲ್ಲಿ ಸೇರಿತ್ತು. ಇಟ್ಟುಕೊಳ್ಳದ ವಿವರವನ್ನು ಯಾರೂ ಕದಿಯಲಾರರು. ಆದ್ದರಿಂದ ಬೇಡವಾದದ್ದನ್ನು ಕೇಳಲೇಬಾರದು. ನಮ್ಮ ದಾಖಲಾತಿ ಅರ್ಜಿಯಿಂದ ಹನ್ನೊಂದು ಪ್ರಶ್ನೆಗಳನ್ನು ತೆಗೆದುಹಾಕಿದೆವು; ಅವುಗಳಲ್ಲಿ ತಂದೆಯ ಬ್ಯಾಂಕ್ ಖಾತೆಯ ಸಂಖ್ಯೆಯೂ ಒಂದು. ಅದನ್ನು ಏಕೆ ಕೇಳುತ್ತಿದ್ದೆವೆಂಬುದು ಯಾರಿಗೂ ನೆನಪಿರಲಿಲ್ಲ.

ಕಡೆಯದು ಹಣದ ಮಾತು. ವರ್ಷದ ದರ ನೋಡಿ ಮೋಸಹೋಗಬಾರದು, ಐದು ವರ್ಷದ ಒಟ್ಟು ಲೆಕ್ಕ ಹಾಕಬೇಕು ಎಂದು ಬ್ಯಾಂಕಿನ ಪಾಲಕರು ಕಲಿಸಿದರು. ಮೊದಲನೆಯವರದು ಮಗುವಿಗೆ ವರ್ಷಕ್ಕೆ 150 ರೂಪಾಯಿ. 640 ಮಕ್ಕಳಿಗೆ 96,000, ಐದು ವರ್ಷಕ್ಕೆ 4,80,000. ಎರಡನೆಯವರದು 90 ರೂಪಾಯಿ ಎಂದು ಕೇಳಿ ಎಲ್ಲರಿಗೂ ಸಂತೋಷವಾಯಿತು. ಆದರೆ ಅಳವಡಿಕೆಗೂ ತರಬೇತಿಗೂ ಸೇರಿ 55,000, ಸಂದೇಶಗಳಿಗೆ ವರ್ಷಕ್ಕೆ 20,000 ಬೇರೆ. ಕೂಡಿಸಿದರೆ ಐದು ವರ್ಷಕ್ಕೆ 4,43,000. ಮೂರನೆಯವರು ಚಿಕ್ಕ ಸಂಸ್ಥೆಯವರು. ಒಮ್ಮೆಗೆ 1,10,000, ಎರಡನೆಯ ವರ್ಷದಿಂದ ನಿರ್ವಹಣೆಗೆ 30,000. ಐದು ವರ್ಷಕ್ಕೆ 2,30,000.

ಪರವಾನಗಿ ಶುಲ್ಕವೇ ಇಲ್ಲದ ಮುಕ್ತ ತಂತ್ರಾಂಶಗಳನ್ನೂ ನೋಡಿದೆವು. ಹಾಂಗ್‌ಕಾಂಗಿನ ಶಾಲೆಯೊಂದರಲ್ಲಿ ಹುಟ್ಟಿದ ‘ಗಿಬ್ಬನ್’, ಅಮೆರಿಕೆಯ ‘ಓಪನ್‌ಸಿಸ್’ ಅಂಥವು. ಕೇರಳದ ಶಾಲೆಗಳ ‘ಸಂಪೂರ್ಣ’ ವ್ಯವಸ್ಥೆಯೂ ‘ಫೆಡೆನಾ’ ಎಂಬ ಮುಕ್ತ ತಂತ್ರಾಂಶದ ತಳಹದಿಯ ಮೇಲೆ ಕಟ್ಟಿದ್ದು. ಇವುಗಳಲ್ಲಿ ನಮ್ಮ ವಿವರ ನಮ್ಮ ಕೈಯಲ್ಲೇ ಇರುತ್ತದೆ ಎಂಬುದು ದೊಡ್ಡ ಗುಣ. ಆದರೆ ಅವನ್ನು ನೋಡಿಕೊಳ್ಳುವ, ಕೆಟ್ಟಾಗ ಸರಿಪಡಿಸುವ ತಿಳಿವಳಿಕೆಯುಳ್ಳ ಒಬ್ಬರು ಶಾಲೆಯಲ್ಲಿ ಕಾಯಂ ಇರಬೇಕು. ಅಂಥವರಿರುವ ಶಾಲೆಗಳು ಅದನ್ನೇ ಹಿಡಿಯುವುದು ಲೇಸು. ನಮ್ಮಲ್ಲಿ ಇರಲಿಲ್ಲ.

ನಾವು ಮೂರನೆಯವರನ್ನು ಆರಿಸಿದೆವು. ದರ ಕಡಿಮೆಯೆಂಬ ಒಂದೇ ಕಾರಣಕ್ಕಲ್ಲ. ಯುಡೈಸ್ ಪ್ಲಸ್ ಕೆಲಸ ತಪ್ಪುತ್ತದೆಯೇ ಎಂದು ಕೇಳಿದಾಗ “ಇಲ್ಲ ಸರ್, ಅದನ್ನು ನೀವೇ ಮಾಡಬೇಕಾಗುತ್ತದೆ” ಎಂದು ಹೇಳಿದವರು ಅವರೊಬ್ಬರೇ. ಕರಾರುಪತ್ರವನ್ನು ಈ ಸಲ ನಾವು ಬರೆದೆವು. ವಿವರಗಳು ಶಾಲೆಯ ಸ್ವತ್ತಲ್ಲ, ಸಂಸ್ಥೆಯ ಸ್ವತ್ತೂ ಅಲ್ಲ, ಮಕ್ಕಳವು. ಶಾಲೆ ಕೇಳಿದ ಹದಿನೈದು ದಿನಗಳೊಳಗೆ ಭಾವಚಿತ್ರಗಳ ಸಮೇತ ಸಾದಾ ಕಡತದಲ್ಲಿ ಹಿಂದಿರುಗಿಸಬೇಕು. ಆಮೇಲೆ ತಮ್ಮಲ್ಲಿರುವ ಪ್ರತಿಯನ್ನು ಅಳಿಸಿ ಬರೆದುಕೊಡಬೇಕು. ಪ್ರತಿ ತಿಂಗಳ ಕೊನೆಗೆ ಒಂದು ಪ್ರತಿ ಶಾಲೆಯ ಬೀರುವಿಗೆ ಬರಬೇಕು. ಅವರು ಎರಡು ದಿನ ಯೋಚಿಸಿ ಒಪ್ಪಿದರು.

2024ರ ಜೂನ್‌ನಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತು. 640 ಮಕ್ಕಳ ವಿವರವನ್ನೂ ಅಚ್ಚಿನ ಪುಟದಿಂದಲ್ಲ, ದಾಖಲಾತಿ ವಹಿಯಿಂದಲೇ ಏರಿಸಿದೆವು. ಒಬ್ಬರು ವಹಿ ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆ ನೋಡಿ ಹೌದೆನ್ನುವುದು. ಜನ್ಮದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಇಡಲು ಒಂದು ಮನೆ ಸೇರಿಸಿಕೊಂಡೆವು. ಎಲ್ಲ ಮುಗಿಯಲು ಹನ್ನೆರಡು ದಿನ ಹಿಡಿಯಿತು. ಓದಿದವರು ಗುಮಾಸ್ತರು, ಪರದೆಯ ಮುಂದೆ ಕುಳಿತವರು ನಾವು. ಈ ಸಲ ಊಟದ ಗಂಟೆ ಬಾರಿಸಿದರೂ ಏಳಲಿಲ್ಲ. ಕೈಬರಹದ ವಹಿಯೂ ಮುಂದುವರಿದಿದೆ. ಹೊಸ ಗುಮಾಸ್ತರಿಗೆ ಹಳಬರೇ ಕೂತು ಬರೆಯುವ ಕ್ರಮ ಹೇಳಿಕೊಟ್ಟರು.

2025ರಲ್ಲಿ ಆ ಹುಡುಗಿ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದಳು. ಅಂಕಪಟ್ಟಿ ಕೊಡುವ ದಿನ ತಾಯಿಯೂ ಬಂದಿದ್ದರು. ಅಂಕಗಳನ್ನು ನೋಡುವ ಮೊದಲು ಅವರು ಬೆರಳಿಟ್ಟು ಹುಡುಕಿದ್ದು ಜನ್ಮದಿನಾಂಕದ ಸಾಲನ್ನು. ಜೂನ್ ಏಳು ಎಂದು ಮಗಳು ಓದಿ ಹೇಳಿದಾಗ, “ಸರಿ ಐತಿ ನೋಡ್ರಿ ಸರ” ಎಂದು ನಕ್ಕು, ಈ ಸಲ ಸ್ವೀಕೃತಿ ಪುಸ್ತಕದಲ್ಲಿ ನಿಧಾನವಾಗಿ ಸಹಿ ಹಾಕಿದರು.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಶಾಲೆ ನಡೆಸುವವರಿದ್ದರೆ ತಂತ್ರಾಂಶ ಕೊಳ್ಳುವ ಮೊದಲು ನಿಮ್ಮ ಹಳೆಯ ಗುಮಾಸ್ತರನ್ನು ಕರೆದು ಕೂರಿಸಿಕೊಳ್ಳಿ. ತಾಯಿ-ತಂದೆಯರಿದ್ದರೆ ವರ್ಷಕ್ಕೊಮ್ಮೆ ಶಾಲೆಗೆ ಹೋಗಿ, ನಿಮ್ಮ ಮಗುವಿನ ಹೆಸರಿನ ಎದುರು ಏನು ಬರೆದಿದೆ ಎಂದು ಜನನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ ಬನ್ನಿ. ತಪ್ಪಿದ್ದರೆ ಸಹಿ ಹಾಕಬೇಡಿ. ಎದುರಿಗೆ ಕುಳಿತವರು ನಮ್ಮಂಥ ಹಿರಿಯರೇ ಆಗಿದ್ದರೂ ಹಾಕಬೇಡಿ. ಶರಣು.